ಹೊಸತೊಡಕಿನ ಮಾಂಸದ ಚೀಟಿ

ಯುಗಾದಿಯ ಮರುದಿನದ ಹೊಸತೊಡಕಿನ ಬಾಡೂಟಕ್ಕೆ ತಿಂಗಳುಗಟ್ಟಲೆ ಮೊದಲೇ ಕಂತು ಕಟ್ಟುವ ಪದ್ಧತಿಯೇ ಮಾಂಸದ ಚೀಟಿ. ಇದು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೇರಿದಂತೆ ಹಳೆ ಮೈಸೂರು ಭಾಗದಲ್ಲಿ ರೂಢಿಯಲ್ಲಿದೆ. ಊರಿನ ನಂಬಿಕಸ್ಥರೊಬ್ಬರು ವಾರಕ್ಕೋ ತಿಂಗಳಿಗೋ ಇಷ್ಟೆಂದು ಹಣ ಕೂಡಿಸಿ, ಹಬ್ಬ ಹತ್ತಿರವಾದಾಗ ಕುರಿ, ಮೇಕೆ ಖರೀದಿಸುತ್ತಾರೆ. ನಸುಕಿನಲ್ಲೇ ಕಡಿದ ಮಾಂಸವನ್ನು ಹಾಸಿನ ಮೇಲೆ ಸಾಲಾಗಿ ಗುಡ್ಡೆ ಹಾಕುತ್ತಾರೆ. ತೊಡೆ, ಎದೆ, ಲಿವರ್, ಬೋಟಿ, ಮೂಳೆ ಎಲ್ಲವೂ ಪ್ರತಿ ಗುಡ್ಡೆಗೂ ಸಮನಾಗಿ ಬೀಳಬೇಕು. ಇದೇ ‘ಗುಡ್ಡೆ ಮಾಂಸ’. ಅಂಗಡಿಯ ಲಾಭಾಂಶವಿಲ್ಲದ್ದರಿಂದ ಅಗ್ಗ. ಹಬ್ಬದ ದಿನದ ದುಬಾರಿ ದರವೂ ಸರತಿಯೂ ತಪ್ಪುತ್ತವೆ. ಕೂಲಿ ಕುಟುಂಬಗಳು ಒಮ್ಮೆಲೇ ದೊಡ್ಡ ಮೊತ್ತ ಹೊಂದಿಸಬೇಕಿಲ್ಲ ಎಂಬುದೇ ಚೀಟಿಯ ನಿಜವಾದ ಉಪಕಾರ. ಆದರೆ ಬಹುತೇಕ ಬಾಯಿಮಾತಿನ ವ್ಯವಹಾರವಾದ್ದರಿಂದ, ನಡೆಸುವವರು ಕೈಕೊಟ್ಟರೆ ಹಣ ಮರಳುವುದು ಕಷ್ಟ. ಪ್ರತಿ ಕಂತನ್ನೂ ಪುಸ್ತಕದಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳುವುದು ಕ್ಷೇಮ.