ದಿನದ ಗಳಿಕೆ ಮತ್ತು ಸಾಲದ ಕಂತು: ಉಡುಪಿ ಸೀಮೆಯ ಗ್ರಾಮೀಣ ಕುಟುಂಬಗಳ ಏಳಿಗೆ ಕುರಿತು ಒಂದು ವಿವೇಚನೆ

ಸಣ್ಣ ಸಾಲದಿಂದ ಬಡತನ ನೀಗೀತೇ ಎಂಬ ಚರ್ಚೆ ಸಾಮಾನ್ಯವಾಗಿ ಬಾಂಗ್ಲಾದೇಶದಿಂದ ಶುರುವಾಗುತ್ತದೆ. 1976ರಲ್ಲಿ ಜೋಬ್ರಾ ಎಂಬ ಹಳ್ಳಿಯಲ್ಲಿ ಮುಹಮ್ಮದ್ ಯೂನುಸ್ ಕೈಗೊಂಡ ಪ್ರಯೋಗ, 1983ರ ಗ್ರಾಮೀಣ ಬ್ಯಾಂಕ್, 2006ರ ನೊಬೆಲ್ ಶಾಂತಿ ಪುರಸ್ಕಾರ ಈ ಕಥನದ ಮೈಲಿಗಲ್ಲುಗಳು. ಉಡುಪಿ ಸೀಮೆಯಲ್ಲಿ ಇದೇ ಪ್ರಶ್ನೆಗೆ ಅರ್ಧ ಶತಮಾನ ಮೊದಲೇ ಬೇರೊಂದು ಕಡೆಯಿಂದ ಉತ್ತರ ಹುಡುಕಲಾಗಿತ್ತು. ಇಲ್ಲಿ ಸಾಲಕ್ಕಿಂತ ಮುಂಚೆ ಉಳಿತಾಯ ಬಂತು. ಅದೂ ದಿನದ ಲೆಕ್ಕದಲ್ಲಿ, ಮನೆಬಾಗಿಲಿಗೆ. ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಭಾಗದಲ್ಲಿ ಸಾಲದ ನೆರವಿನಿಂದ ಮೇಲೆ ಬಂದ ಕುಟುಂಬಗಳನ್ನು ಅರಿಯಬೇಕಾದರೆ ಸಾಲದ ಮೊತ್ತಕ್ಕಿಂತ ಕಂತಿನ ಲಯವನ್ನು ನೋಡಬೇಕು ಎಂಬುದು ಈ ಲೇಖನದ ವಾದ. ಮನೆಗೆ ದುಡ್ಡು ಬರುವ ದಿನಕ್ಕೂ ಕಂತು ಕಟ್ಟುವ ದಿನಕ್ಕೂ ಹೊಂದಾಣಿಕೆ ಇದ್ದ ಕಡೆ ಸಾಲ ಫಲಿಸಿತು. ಅದು ಇಲ್ಲದ ಕಡೆ ಹಳೆಯ ಸಾಲ ತೀರಿಸಲು ಹೊಸ ಸಾಲ ಹುಟ್ಟಿತು.

ಉಡುಪಿಯಲ್ಲಿ ಬ್ಯಾಂಕುಗಳು ಬೇಗ ಬೇರೂರಿದವು. ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳ್ತನದಲ್ಲಿ 1906ರಲ್ಲಿ ಹುಟ್ಟಿದ ಸಂಸ್ಥೆಯೇ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಯಿತು. ಆದರೆ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಕೂಡಿ 8,000 ರೂಪಾಯಿ ಬಂಡವಾಳದಲ್ಲಿ ಆರಂಭಿಸಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್. ಕೈಮಗ್ಗದ ಕಸುಬು ಕುಸಿದು ನೇಕಾರ ಮನೆತನಗಳು ಕಂಗಾಲಾಗಿದ್ದ ಹೊತ್ತು ಅದು. ನೂಲಿಗೂ ಮಾರಾಟಕ್ಕೂ ಒಬ್ಬನೇ ವ್ಯಾಪಾರಿಯನ್ನು ನೆಚ್ಚಿದ ನೇಕಾರನಿಗೆ ಬಟ್ಟೆಯ ಬೆಲೆಯ ಮೇಲೆ ಹಿಡಿತವಿರುವುದಿಲ್ಲ. ಅವನಿಗೆ ಬೇಕಾದದ್ದು ನೂಲು ಕೊಳ್ಳಲು ಸಣ್ಣ ಬಂಡವಾಳ, ಒಂದೆರಡು ವಾರದ ಬಿಡುವು. ಅಷ್ಟು ಸಣ್ಣ ಸಾಲ ಕೊಡುವುದು ಅಂದಿನ ದೊಡ್ಡ ಬ್ಯಾಂಕುಗಳಿಗೆ ಗಿಟ್ಟುವ ವ್ಯವಹಾರವಾಗಿರಲಿಲ್ಲ.

ಈ ಸಿಂಡಿಕೇಟಿನ 1928ರ ಪಿಗ್ಮಿ ಠೇವಣಿ ಯೋಜನೆ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ದಿನಕ್ಕೆ ಕನಿಷ್ಠ ಎರಡಾಣೆ. ಬ್ಯಾಂಕಿನ ಪ್ರತಿನಿಧಿ ತಾನೇ ಮನೆಗೆ, ಅಂಗಡಿಗೆ ಬಂದು ಹಣ ಪಡೆದು ಪುಸ್ತಕದಲ್ಲಿ ಬರೆದುಕೊಡುತ್ತಿದ್ದ. ಹದಿನಾರಾಣೆಯ ರೂಪಾಯಿಯ ಲೆಕ್ಕದಲ್ಲಿ ಎರಡಾಣೆ ಎಂಟು ದಿನಕ್ಕೆ ಒಂದು ರೂಪಾಯಿ, ವರ್ಷಕ್ಕೆ 45 ರೂಪಾಯಿಗೂ ಮಿಗಿಲು. ಒಟ್ಟಿಗೆ 45 ರೂಪಾಯಿ ತೆಗೆದಿಡು ಎಂದರೆ ಅಂದಿನ ಕೂಲಿಯ ಮನೆಗೆ ಆಗದ ಮಾತು. ಎರಡಾಣೆ ಆಗುವ ಮಾತು. ಈ ಪುಸ್ತಕ ಇನ್ನೊಂದು ಕೆಲಸವನ್ನೂ ಮಾಡಿತೆಂದು ನಾನು ಭಾವಿಸುತ್ತೇನೆ. ಅಡವು ಇಡಲು ಭೂಮಿಯಾಗಲಿ ಚಿನ್ನವಾಗಲಿ ಇಲ್ಲದವರಿಗೆ ದಿನ ತಪ್ಪದೆ ಕಟ್ಟಿದ ದಾಖಲೆಯೇ ವಿಶ್ವಾಸಕ್ಕೆ ಆಧಾರವಾಯಿತು. ಸಾಲ ಕೇಳಲು ಬಂದವನು ಬ್ಯಾಂಕಿಗೆ ಅಪರಿಚಿತನಾಗಿ ಉಳಿಯಲಿಲ್ಲ.

ಈ ಏರ್ಪಾಡಿನ ಭಾರ ಹೊತ್ತವರು ಕಮಿಷನ್ ಮೇಲೆ ದುಡಿಯುತ್ತಿದ್ದ ಪಿಗ್ಮಿ ಸಂಗ್ರಾಹಕರು. ಬ್ಯಾಂಕಿನ ಚರಿತ್ರೆ ಬರೆದವರು ಇವರಿಗೆ ಸಲ್ಲಬೇಕಾದಷ್ಟು ಜಾಗ ಕೊಟ್ಟಿಲ್ಲ ಎಂಬ ಬೇಸರ ನನಗಿದೆ. ಯಾರ ಮನೆಯಲ್ಲಿ ಹೆರಿಗೆ, ಯಾರಿಗೆ ಜ್ವರ, ಯಾವ ಅಂಗಡಿಯಲ್ಲಿ ವ್ಯಾಪಾರ ಇಳಿದಿದೆ ಎಂಬುದು ಬೀದಿ ಬೀದಿ ತಿರುಗುವ ಅವರಿಗೆ ತಿಳಿಯುತ್ತಿತ್ತು. ಅವರೂ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕೆಲಸಗಾರರೇ ಎಂದು ಸುಪ್ರೀಂ ಕೋರ್ಟ್ ಒಪ್ಪಿದ್ದು 2001ರಲ್ಲಿ, ಯೋಜನೆ ಶುರುವಾಗಿ ಏಳು ದಶಕ ಕಳೆದ ಮೇಲೆ.

ಹಳ್ಳಿಯ ಮನೆಗಳ ವಿಷಯಕ್ಕೆ ಬಂದರೆ 1974ನ್ನು ದಾಟಿ ಹೋಗುವಂತಿಲ್ಲ. ಆ ವರ್ಷದ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ, ಗೇಣಿ ಪದ್ಧತಿ ಆಳವಾಗಿ ಬೇರೂರಿದ್ದ ಅಂದಿನ ದಕ್ಷಿಣ ಕನ್ನಡ ಜಿಲ್ಲೆಯನ್ನು ಅಲುಗಿಸಿತು. ಚಾಲಗೇಣಿಯ ಒಕ್ಕಲು ತಾನು ಉಳುವ ಭೂಮಿಯ ಹಕ್ಕು ಕೋರಿ ಫಾರಂ ನಂಬ್ರ 7 ತುಂಬಿ ಭೂನ್ಯಾಯ ಮಂಡಳಿಯ ಮುಂದೆ ನಿಂತ. ಅಲ್ಲಿಯವರೆಗೆ ಎಬ್ಬಿಸಿದರೆ ಏಳಬೇಕಾಗಿದ್ದ ಮನೆಗೆ ಅಡಿಸ್ಥಳ ದೊರಕಿತು. ಬಾವಿ ತೋಡಲು, ಗಿಡ ನೆಡಲು ಸಾಲ ತರುವ ಧೈರ್ಯ ಬಂದದ್ದು ಆಮೇಲೆ. ನೆಟ್ಟ ಗಿಡದ ಫಲ ತನಗೇ ಸಿಗುತ್ತದೆಂಬ ಖಾತರಿ ಇಲ್ಲದವನಿಗೆ ಎಷ್ಟು ಅಗ್ಗದ ಸಾಲ ಕೊಟ್ಟರೂ ಅದು ಬಂಡವಾಳವಾಗದು. 1969ರ ಬ್ಯಾಂಕ್ ರಾಷ್ಟ್ರೀಕರಣದ ನಂತರ ಕೃಷಿಸಾಲ ಹೆಚ್ಚಿದ ಕಾಲವೂ ಇದೇ ಆದ್ದರಿಂದ ಯಾವುದರ ಪಾಲು ಎಷ್ಟೆಂದು ಬೇರ್ಪಡಿಸುವುದು ಕಷ್ಟ. ಆದರೂ ಭೂಮಿಯ ಹಕ್ಕನ್ನು ಮರೆತು ಸಾಲದ ಮಹಿಮೆ ಹೇಳುವ ಬರಹಗಳನ್ನು ನಾನು ಒಪ್ಪಲಾರೆ. ಮುಂಬಯಿಯ ಹೋಟೆಲುಗಳಿಂದ, ಕೊಲ್ಲಿ ರಾಷ್ಟ್ರಗಳಿಂದ ಬಂದ ಮನಿಯಾರ್ಡರು ಮತ್ತು ಮಕ್ಕಳ ಓದನ್ನೂ ಇದೇ ಲೆಕ್ಕಕ್ಕೆ ಸೇರಿಸಬೇಕು.

ಕಂತು ಮತ್ತು ಗಳಿಕೆಯ ಹೊಂದಾಣಿಕೆಯನ್ನು ಕಣ್ಣಾರೆ ಕಾಣಬೇಕಾದರೆ ಕಾಪು ತಾಲೂಕಿನ ಶಂಕರಪುರಕ್ಕೆ ಹೋಗಬೇಕು. ಉಡುಪಿ ಮಲ್ಲಿಗೆ ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚ್ಯಂಕದ ಮನ್ನಣೆ ಪಡೆದ ಹೂವಿನ ಊರು ಅದು. ಕೆಲವೇ ಸೆಂಟ್ಸ್ ಹಿತ್ತಿಲು ಸಾಕು; ಈಚೆಗೆ ತಾರಸಿಯ ಮೇಲೆ ಕುಂಡಗಳಲ್ಲೂ ಬೆಳೆಯುತ್ತಾರೆ. ಕ್ರೈಸ್ತರು, ಹಿಂದೂಗಳು ಎನ್ನದೆ ಮನೆಯ ಹೆಂಗಸರು ಬೆಳಗಾಗುತ್ತಲೇ ಮೊಗ್ಗು ಕೊಯ್ದು, ಚಾವಡಿಯಲ್ಲಿ ಕುಳಿತು ಬಾಳೆನಾರಿನಲ್ಲಿ ಕಟ್ಟುತ್ತಾರೆ. ಮಕ್ಕಳು ಶಾಲೆಗೆ ಹೊರಡುವ ಮೊದಲು ಒಂದಷ್ಟು ಮೊಗ್ಗು ಎಣಿಸಿ ಕೊಡುತ್ತಾರೆ. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಕಟ್ಟಿದ ಹೂವು ಅದನ್ನು ಕೊಳ್ಳುವ ಮಲ್ಲಿಗೆ ಕಟ್ಟೆಗೆ ಹೋಗುತ್ತದೆ. ಆ ದಿನದ ದರ ಶಂಕರಪುರದಲ್ಲಿ ನಿಗದಿಯಾಗುತ್ತದೆ. ಈಚಿನ ವರ್ಷಗಳಲ್ಲಿ ಅಟ್ಟೆಯ ದರ 2,100 ರೂಪಾಯಿವರೆಗೆ ಏರಿದ್ದುಂಟು. ಆ ದರದಲ್ಲೂ ಒಂದು ಮೊಗ್ಗಿಗೆ ಬೀಳುವುದು ಸುಮಾರು 65 ಪೈಸೆ. ಕೊಯ್ಯುವ, ಕಟ್ಟುವ, ಗಿಡಕ್ಕೆ ಹಿಂಡಿ ಗೊಬ್ಬರ ಹಾಕುವ ದುಡಿಮೆಯೆಲ್ಲ ಅದರೊಳಗೇ ಅಡಕ.

ಸಾಲದ ದೃಷ್ಟಿಯಿಂದ ಈ ಬೆಳೆಯ ಗುಣ ಇರುವುದು ದಿನದಿನದ ಆದಾಯದಲ್ಲಿ. ಭತ್ತದ ಗದ್ದೆಯ ಹಣ ಕೊಯ್ಲಿನ ಹೊತ್ತಿಗೆ ಒಮ್ಮೆಲೆ ಬಂದು ಒಮ್ಮೆಲೆ ಕರಗುತ್ತದೆ; ನಡುವಣ ತಿಂಗಳುಗಳು ಕೈಸಾಲದಲ್ಲೇ ಸಾಗಬೇಕು. ಮಲ್ಲಿಗೆಯ ಹಣ ಕಟ್ಟೆಯ ಪುಸ್ತಕದಲ್ಲಿ ದಿನಕ್ಕಿಷ್ಟು ಎಂದು ಏರುತ್ತ ಹೋಗುವುದರಿಂದ ವಾರದ ಕಂತನ್ನು ಅದರಿಂದ ಹಿಂಡಿ ತೆಗೆಯಬೇಕಾಗಿಲ್ಲ. ಅಲ್ಲದೆ ಹೂವು ಕಟ್ಟಿದವಳಿಗೆ ತನ್ನ ದುಡಿಮೆಯ ಲೆಕ್ಕ ಬಾಯಿಪಾಠವಾಗಿರುತ್ತದೆ. ಎಷ್ಟು ಸಾಲ ತಾಳಬಲ್ಲೆ ಎಂಬ ಅಂದಾಜು ಅವಳಿಗೆ ಯಾವ ಅಧಿಕಾರಿಗಿಂತಲೂ ಚೆನ್ನಾಗಿರುತ್ತದೆ.

ಕಾರ್ಕಳದ ಕಡೆ ಇದೇ ಪಾತ್ರವನ್ನು ಬೀಡಿ ವಹಿಸಿತು. ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತಂದು ಮನೆಯಲ್ಲೇ ಸುತ್ತಿದ ಹೆಂಗಸರ ಸಂಪಾದನೆ ಎಷ್ಟೋ ಮನೆಗಳ ಶಾಲಾ ಶುಲ್ಕ ಕಟ್ಟಿದೆ. ಅವರ ಬೆನ್ನು ನೋವು, ಕೆಮ್ಮು ಈ ಲೆಕ್ಕದಿಂದ ಹೊರಗುಳಿದಿವೆ. ವಾರದ ಲಯದ ಮೇಲೆ ನಿಂತ ಇನ್ನೊಂದು ಏರ್ಪಾಡೂ ಈ ಭಾಗದಲ್ಲಿದೆ. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು 1982ರಲ್ಲಿ ಬೆಳ್ತಂಗಡಿ ಭಾಗದಲ್ಲಿ ಆರಂಭಿಸಿದ ಗ್ರಾಮಾಭಿವೃದ್ಧಿ ಯೋಜನೆ ಮುಂದೆ ಕಾರ್ಕಳ, ಉಡುಪಿಗಳಿಗೂ ಹಬ್ಬಿತು. ಅದರ ಪ್ರಗತಿಬಂಧು ತಂಡಗಳಲ್ಲಿ ನಾನು ಮುಖ್ಯವೆಂದು ಕಾಣುವುದು ಶ್ರಮವಿನಿಮಯ. ಐದರಿಂದ ಎಂಟು ಮಂದಿ ಸಣ್ಣ ಕೃಷಿಕರು ವಾರಕ್ಕೊಂದು ದಿನ ಸರದಿಯಂತೆ ಒಬ್ಬೊಬ್ಬರ ಜಾಗದಲ್ಲಿ ಕೂಡಿ ದುಡಿಯುತ್ತಾರೆ. ಉಳಿತಾಯವೂ ಪ್ರಗತಿನಿಧಿ ಎಂಬ ಸಾಲದ ಮರುಪಾವತಿಯೂ ವಾರದ ಲೆಕ್ಕದಲ್ಲೇ. ಜತೆಗೂಡಿ ಅಗೆದವರಿಗೆ ಪರಸ್ಪರರ ಜಮೀನಿನ ಶಕ್ತಿ ಗೊತ್ತಿರುವುದರಿಂದ ಸಾಲದ ಬಗ್ಗೆ ಅವರಾಡುವ ಮಾತಿಗೆ ತೂಕವಿರುತ್ತದೆ.

ಎಲ್ಲ ಸಾಲವೂ ಹೀಗೆ ಫಲಿಸದು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ಹೈದರಾಬಾದಿನ ಬಡಾವಣೆಗಳಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ, ಕಿರುಸಾಲದಿಂದ ಕುಟುಂಬಗಳ ಸರಾಸರಿ ಅನುಭೋಗದಲ್ಲಿ ಗಣನೀಯ ಏರಿಕೆ ಕಾಣಲಿಲ್ಲ ಎಂದಿತು. ಉಡುಪಿ ಸೀಮೆಯ ಅನುಭವ ಇದಕ್ಕೆ ವಿರುದ್ಧವೆಂದು ನನಗೆ ತೋರುವುದಿಲ್ಲ. ಉಳಿತಾಯದ ರೂಢಿ, ಅಡಿಸ್ಥಳದ ಭದ್ರತೆ, ದಿನವೋ ವಾರವೋ ಬರುವ ಗಳಿಕೆ ಇವು ಮೊದಲೇ ಇದ್ದ ಮನೆಗೆ ಸಾಲ ಮೇಲೇರುವ ಮೆಟ್ಟಿಲಾಯಿತು. ಇವು ಯಾವುವೂ ಇಲ್ಲದ ಮನೆಗೆ, ಅದರಲ್ಲೂ ಆಸ್ಪತ್ರೆ ಖರ್ಚಿಗೆಂದೋ ಮದುವೆಗೆಂದೋ ಎರಡು ಮೂರು ಕಡೆ ಸಾಲ ಎತ್ತಿದ ಮನೆಗೆ, ಸಾಲದ ಗುಂಪಿನ ವಾರದ ಸಭೆಯೇ ಭಯದ ದಿನವಾಗುತ್ತದೆ. ಗುಂಪಿನ ಜಾಮೀನು ಎಂಬುದು ಆಗ ನೆರೆಯವರ ಕೈಯಲ್ಲೇ ವಸೂಲಿ ಮಾಡಿಸುವ ಉಪಾಯವಾಗಿ ಬದಲಾಗುತ್ತದೆ.

ವಸೂಲಿಯ ಕಿರುಕುಳ ರಾಜ್ಯದ ಹಲವೆಡೆ ಜೀವಗಳನ್ನೇ ಬಲಿ ಪಡೆದ ಮೇಲೆ ಸರಕಾರ 2025ರ ಫೆಬ್ರವರಿಯಲ್ಲಿ ಕಿರು ಸಾಲ ಮತ್ತು ಸಣ್ಣ ಸಾಲಗಳ ಅಧ್ಯಾದೇಶ ತಂದು ಬಲವಂತದ ವಸೂಲಿಗೆ 10 ವರ್ಷದವರೆಗಿನ ಸೆರೆವಾಸ, 5 ಲಕ್ಷ ರೂಪಾಯಿವರೆಗಿನ ದಂಡ ಗೊತ್ತುಮಾಡಿತು. ಇದು ಅಗತ್ಯವಾಗಿದ್ದ ಕ್ರಮ. ಆದರೆ ಅದರ ನಿಗಾ ವಸೂಲಿಯ ರೀತಿಯ ಮೇಲಿದೆ. ಕಂತಿನ ವೇಳಾಪಟ್ಟಿ ಹೇಗಿರಬೇಕೆಂಬುದನ್ನು ಸಾಲ ಕೊಡುವವರೇ ತೀರ್ಮಾನಿಸುತ್ತಾರೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ತುಳು ಪಂಚಾಂಗದ ಆಟಿ ತಿಂಗಳಲ್ಲಿ ಮದುವೆಗಳಿಲ್ಲದೆ ಮಲ್ಲಿಗೆಯ ದರ ಬೀಳುತ್ತದೆ. ಮತ್ತೆ ಏರಬೇಕಾದರೆ ನಾಗರಪಂಚಮಿ ಬರಬೇಕು. ಮೀನುಗಾರರ ಮನೆಗೂ ಹೂವಿನ ಮನೆಗೂ ಅವರವರ ಈ ಇಳಿಗಾಲದ ಕಂತನ್ನು ಇಳಿಸಿ, ನವರಾತ್ರಿಯಿಂದಾಚೆಗೆ ಹಂಚಿಹಾಕಲು ಯಾವ ತಿದ್ದುಪಡಿಯೂ ಬೇಕಾಗಿಲ್ಲ. ಸಾಲ ಮಂಜೂರು ಮಾಡುವ ದಿನವೇ ಆ ಮನೆಯ ವರ್ಷದ ಗಳಿಕೆಯನ್ನು ತಿಂಗಳುವಾರು ಬರೆದುಕೊಂಡು ಕಂತು ಕೂರಿಸುವ ಕೆಲಸವನ್ನು ನಮ್ಮ ಸೊಸೈಟಿಗಳು, ಸಂಘಗಳು ಈ ಮಳೆಗಾಲದಿಂದಲೇ ಶುರುಮಾಡಬಹುದು.