ಊರಿನ ಆಟೋ ಹತ್ತಿದ ಬ್ಲೂಸ್

ಹೊಸ ತಿಪ್ಪಸಂದ್ರದ ಚರಿತ್ರೆ ಬರೆಯುವವರು ಎಚ್‌ಎಎಲ್ ಕಾರ್ಖಾನೆಯಿಂದ ಶುರುಮಾಡಿ ಮಾರ್ಕೆಟ್ಟಿಗೆ ಬಂದು ನಿಲ್ಲುತ್ತಾರೆ. ಪಕ್ಕದ ಇಂದಿರಾನಗರದಲ್ಲಿ ವರ್ಷಗಟ್ಟಲೆ ಮೊಳಗಿದ ಗಿಟಾರು ಆ ಲೆಕ್ಕಕ್ಕೆ ಸೇರುವುದೇ ಇಲ್ಲ. ಅದು ನಮ್ಮದಲ್ಲವೆಂಬ ಭಾವನೆ. ಹಾಗಾದರೆ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಇನ್ನಾವ ಊರಿನ ತಂಡ?

1996ರಲ್ಲಿ ಬೆಂಗಳೂರಲ್ಲೇ ಹುಟ್ಟಿದ್ದು. ಬ್ರೂಸ್ ಲೀ ಮಣಿ ಅವರದು ಗಿಟಾರು, ಹಾಡುಗಾರಿಕೆ. ರಾಜೀವ್ ರಾಜಗೋಪಾಲ್ ಅವರದು ಡ್ರಮ್ಸ್. ಅಭಿಮಾನಿಗಳ ಬಾಯಲ್ಲಿ ಬರೀ ‘ಟಾಕ್’. ಪರದೇಶದ ಹಾಡುಗಳನ್ನು ಚಾಚೂ ತಪ್ಪದೆ ನುಡಿಸಿದವರಿಗೆ ಚಪ್ಪಾಳೆ ಬೀಳುತ್ತಿದ್ದ ಕಾಲದಲ್ಲಿ ಇವರು ಸ್ವಂತ ಹಾಡು ಕಟ್ಟುವ ಹಟ ಹಿಡಿದರು. 2000ದಲ್ಲಿ ಮೊದಲ ಆಲ್ಬಂ, 2002ರಲ್ಲಿ ‘ಜುಪಿಟರ್ ಕೆಫೆ’, ಆಮೇಲೆ ಒಂದರ ಹಿಂದೊಂದು.

ಆ ಹಾಡುಗಳ ಬುನಾದಿಯಾದ ಬ್ಲೂಸ್ ಹುಟ್ಟಿದ್ದು ಅಮೆರಿಕದ ದಕ್ಷಿಣದ ಹತ್ತಿಹೊಲಗಳಲ್ಲಿ ದುಡಿದ ಕಪ್ಪುಜನರ ನಡುವೆ. ಹನ್ನೆರಡು ಬಾರುಗಳ ಆವರ್ತ, ಮೂರು ಕಾರ್ಡು (ಸ್ವರಗುಚ್ಛ), ಅಷ್ಟೇ ಅದರ ಚೌಕಟ್ಟು. ಟಾಕ್ ಅದಕ್ಕೆ ಜಾಝ್ ಬೆರೆಸಿತು, ಫಂಕ್ ಲಯ ಸೇರಿಸಿತು, ‘ಬ್ಯಾಂಗಲೋರ್ ರಾಕ್’ ಎಂದು ತಾನೇ ಹೆಸರಿಟ್ಟುಕೊಂಡಿತು. ಹಾಡಿನ ಮಾತು ಇಂಗ್ಲಿಷ್, ನಿಜ. ಆದರೆ 2012ರ ‘ತ್ರೀ ವೀಲ್ಸ್ ನೈನ್ ಲೈವ್ಸ್’ ಎಂಬ ಮೂರು ಸಿ.ಡಿ.ಗಳ ಆಲ್ಬಂನಲ್ಲಿ ‘ಮೀಟರ್ ಮೇಲೆ ಒನ್ ಅಂಡ್ ಎ ಹಾಫ್’ ಎಂಬ ಹಾಡೇ ಇದೆ. ರಾತ್ರಿ ಹತ್ತರ ಮೇಲೆ ನೂರಡಿ ರಸ್ತೆಯಲ್ಲಿ ನಿಂತು ‘ತಿಪ್ಪಸಂದ್ರ ಬರ್ತೀರಾ?’ ಎಂದು ಆಟೋದವರನ್ನು ಕೇಳಿದವರಿಗೆ ಅದರ ಟಿಪ್ಪಣಿ ಬೇಕಿಲ್ಲ.

ಟಾಕ್ ಒಂಟಿಯಲ್ಲ. ಪೀಟರ್ ಐಸಾಕ್ ಅವರ ‘ಕ್ರಾನಿಕ್ ಬ್ಲೂಸ್ ಸರ್ಕಸ್’ ಕೂಡ ಇದೇ ಊರಿನದು. ಇಂಥವರಿಗೆ ಬೇಕಾದದ್ದು ವೇದಿಕೆ. ಅದಕ್ಕೇ ಕುತ್ತು ಬಂತು. ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿ ಕುರಿತ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿಯಿತು. ಪೊಲೀಸರು ಬಿಗಿ ಮಾಡಿದರು, ಎಷ್ಟೋ ಕಡೆ ಲೈವ್ ಸಂಗೀತ ನಿಂತಿತು. ಇಂದಿರಾನಗರದ ಸಂಗೀತ ತಾಣ ‘ಹಮ್ಮಿಂಗ್ ಟ್ರೀ’ 2019ರಲ್ಲಿ ಬಾಗಿಲು ಹಾಕಿತು. ಸದ್ದಿನ ಕುರಿತ ನಿವಾಸಿಗಳ ದೂರನ್ನು ಹಗುರ ಮಾಡಲಾರೆ. ವಸತಿ ಪ್ರದೇಶದಲ್ಲಿ ರಾತ್ರಿಯ ಸದ್ದಿಗೆ 45 ಡೆಸಿಬೆಲ್ ಮಿತಿಯಿದೆ; ಮಲಗಿದ ಮಗು ಬೆಚ್ಚಿ ಎದ್ದರೆ ಯಾವ ಸಂಗೀತವೂ ಹಿತವಲ್ಲ. ಆದರೂ ಎದೆ ನಡುಗಿಸುವ ಡಿಜೆಗೂ ಮೂವರು ಸೇರಿ ನುಡಿಸುವ ಬ್ಲೂಸಿಗೂ ಒಂದೇ ದೊಣ್ಣೆ ಬೀಸಿದ್ದು ಸರಿಯಲ್ಲ.

ಟಾಕ್ ಮಾತ್ರ ನಿಲ್ಲಲಿಲ್ಲ. 2020ರಲ್ಲಿ ‘ಎ ವರ್ಲ್ಡ್ ಗಾನ್ ಮ್ಯಾಡ್’ ಬಂತು.

ಈ ಗಿಟಾರೂ ನಮ್ಮ ಚರಿತ್ರೆಯೇ. ನಮ್ಮ ಬಡಾವಣೆಯ ಹಿರಿಯರ, ಕಿರಿಯರ ಅಟ್ಟದಲ್ಲಿ ಆ ಸಂಗೀತದ ಕಾಲದ ಟಿಕೆಟ್ಟು, ಪೋಸ್ಟರು, ಕ್ಯಾಸೆಟ್ಟು, ಫೋಟೋ ಉಳಿದಿದ್ದರೆ ರದ್ದಿಗೆ ಹಾಕಬೇಡಿ. ಒಂದು ಪ್ರತಿಯನ್ನು ಈ ಸಂಚಿಕೆಯ ಸಮಿತಿಗೆ ತಲುಪಿಸಿ.