ಚಳಿಗಾಲದ ಇನ್ನೂರು ಪೌಂಡು, ಬಡತನದ ಪುರಾವೆ

ವರ್ಷಕ್ಕೊಮ್ಮೆ ವೃದ್ಧರಿಗೆ ಕೊಡುವ ಇನ್ನೂರು ಪೌಂಡು ಒಂದು ಸರ್ಕಾರದ ಬುಡವನ್ನು ಅಲುಗಿಸಬಲ್ಲುದೆ? ಬ್ರಿಟನ್ನಿನಲ್ಲಿ ಅಂಥದೊಂದು ಪ್ರಸಂಗ ನಡೆದೇ ಹೋಯಿತು. 2024ರ ಜುಲೈ ಮೊದಲ ವಾರದಲ್ಲಿ ಭಾರಿ ಬಹುಮತದೊಡನೆ ಅಧಿಕಾರ ಹಿಡಿದ ಲೇಬರ್ ಪಕ್ಷದ ಸರ್ಕಾರ, ಅದೇ ತಿಂಗಳ 29ರಂದು ತನ್ನ ಮೊದಲ ಕಹಿ ಗುಳಿಗೆಯನ್ನು ಜನರ ಮುಂದಿಟ್ಟಿತು. ಖಜಾನೆಯಲ್ಲಿ 2,200 ಕೋಟಿ ಪೌಂಡುಗಳ ಕೊರತೆಯಿದೆ ಎಂದು ಹೇಳಿದ ಹಣಕಾಸು ಸಚಿವೆ ರೇಚಲ್ ರೀವ್ಸ್, ಎಲ್ಲ ಪಿಂಚಣಿದಾರರಿಗೂ ಸಿಗುತ್ತಿದ್ದ ಚಳಿಗಾಲದ ಇಂಧನ ಭತ್ಯೆಯನ್ನು ಇನ್ನು ಮುಂದೆ ಕಡುಬಡವರಿಗೆ ಮಾತ್ರ ಕೊಡುವುದಾಗಿ ಪ್ರಕಟಿಸಿದರು. ಸುಮಾರು ಒಂದು ಕೋಟಿ ವೃದ್ಧರ ಹೆಸರು ಪಟ್ಟಿಯಿಂದ ಹೊರಬಿತ್ತು. ವರ್ಷ ತುಂಬುವ ಮೊದಲೇ ಸರ್ಕಾರ ಹೆಜ್ಜೆ ಹಿಂದಿಡಬೇಕಾಯಿತು.

ಶ್ರೀಮಂತ ಮುದುಕನಿಗೆ ಸರ್ಕಾರ ಏಕೆ ಸೌದೆಯ ಹಣ ಕೊಡಬೇಕು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಸರಿಯಾದದ್ದೇ. ಆದರೆ ಬಡವ ಯಾರು, ಅದನ್ನು ಕಂಡುಹಿಡಿಯುವ ಬಗೆ ಹೇಗೆ ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ. ಈ ಎರಡನೆಯ ಪ್ರಶ್ನೆಗೆ ಬ್ರಿಟನ್ನಿನಲ್ಲಿ ದೀರ್ಘವಾದ, ನೋವಿನ ಇತಿಹಾಸವಿದೆ.

ಬೆಚ್ಚಗಿರಲೂ ದುಡ್ಡು

ಬಿಸಿಲಿನ ನಾಡಿನಲ್ಲಿರುವವರಿಗೆ ಮನೆ ಬೆಚ್ಚಗಿಡಲು ಸರ್ಕಾರ ಹಣ ಕೊಡುವುದು ವಿಚಿತ್ರವಾಗಿ ಕಾಣಬಹುದು. ಬ್ರಿಟನ್ನಿನಲ್ಲಿ ಚಳಿಗಾಲವೆಂದರೆ ಬರೀ ಕಂಬಳಿಯ ಮಾತಲ್ಲ. ಅಲ್ಲಿನ ಮನೆಗಳು ಯೂರೋಪಿನಲ್ಲೇ ಅತ್ಯಂತ ಹಳೆಯವುಗಳ ಸಾಲಿಗೆ ಸೇರಿದವು. ಗೋಡೆ, ಕಿಟಕಿ, ಮಾಡುಗಳ ಸಂದಿಯಿಂದ ಶಾಖ ಸೋರಿಹೋಗುತ್ತದೆ. ತಣ್ಣನೆಯ ಕೋಣೆಯಲ್ಲಿ ದಿನಗಟ್ಟಲೆ ಕುಳಿತ ವೃದ್ಧರ ರಕ್ತದೊತ್ತಡ ಏರುತ್ತದೆ, ರಕ್ತ ಗಟ್ಟಿಯಾಗುತ್ತದೆ, ಶ್ವಾಸಕೋಶ ಸೋಲುತ್ತದೆ. ಮೈ ಹೆಪ್ಪುಗಟ್ಟಿ ಸಾಯುವವರು ವಿರಳ. ಹೃದಯಾಘಾತ, ಪಾರ್ಶ್ವವಾಯು, ನ್ಯುಮೋನಿಯಾಗಳಿಂದ ಸಾಯುವವರೇ ಬಹಳ. ವರ್ಷದ ಉಳಿದ ತಿಂಗಳುಗಳಿಗೆ ಹೋಲಿಸಿದರೆ ಚಳಿಗಾಲದಲ್ಲಿ ಎಷ್ಟು ಸಾವು ಹೆಚ್ಚು ಎಂದು ಅಲ್ಲಿನ ಸರ್ಕಾರಿ ಅಂಕಿಅಂಶ ಇಲಾಖೆ ಲೆಕ್ಕವಿಡುತ್ತ ಬಂದಿತ್ತು. 1999-2000ರ ಚಳಿಗಾಲದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಈ ಹೆಚ್ಚುವರಿ ಸಾವುಗಳು ಸುಮಾರು 48,000. ಅದಕ್ಕಿಂತ ಎಷ್ಟೋ ಹೆಚ್ಚು ಹಿಮ ಬೀಳುವ ಸ್ವೀಡನ್, ಫಿನ್ಲೆಂಡ್‌ಗಳಲ್ಲಿ ಚಳಿಗಾಲದ ಸಾವಿನ ಏರಿಕೆ ಕಡಿಮೆ. ಕಾರಣ, ಅಲ್ಲಿ ಮನೆ ಬೆಚ್ಚಗಿರುತ್ತದೆ.

ಆದಾಯದ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಹಣ ಇಂಧನಕ್ಕೇ ಹೋಗಬೇಕಾದ ಕುಟುಂಬವನ್ನು 'ಇಂಧನ ಬಡತನ'ದ ಕುಟುಂಬವೆಂದು ಗುರುತಿಸುವ ಅಳತೆಗೋಲನ್ನು ಬ್ರೆಂಡಾ ಬೋರ್ಡ್‌ಮನ್ ಎಂಬ ವಿದ್ವಾಂಸೆ 1991ರಲ್ಲಿ ಜನಪ್ರಿಯಗೊಳಿಸಿದರು. ಎರಡೇ ವರ್ಷಗಳಲ್ಲಿ, 1993ರಲ್ಲಿ, ಕನ್ಸರ್ವೇಟಿವ್ ಸರ್ಕಾರ ಮನೆಬಳಕೆಯ ಇಂಧನಕ್ಕೆ ಮೌಲ್ಯವರ್ಧಿತ ತೆರಿಗೆ ಹಾಕುವುದಾಗಿ ಸಾರಿತು. 1994ರ ಏಪ್ರಿಲ್‌ನಿಂದ ಶೇ 8ರ ತೆರಿಗೆ ಬಂತು. ಅದನ್ನು ಶೇ 17.5ಕ್ಕೆ ಏರಿಸುವ ಯತ್ನ ಅದೇ ಡಿಸೆಂಬರ್‌ನಲ್ಲಿ ಸಂಸತ್ತಿನಲ್ಲೇ ಸೋತಿತು. ವೃದ್ಧರ ಮನೆಯ ಒಲೆ ರಾಜಕೀಯದ ವಸ್ತುವಾಗಿದ್ದು ಹೀಗೆ.

1997ರಲ್ಲಿ ಲೇಬರ್ ಪಕ್ಷ ಗೆದ್ದಿತು. ಆ ವರ್ಷದ ನವೆಂಬರ್‌ನಲ್ಲಿ ಹಣಕಾಸು ಸಚಿವ ಗಾರ್ಡನ್ ಬ್ರೌನ್ ಚಳಿಗಾಲದ ಇಂಧನ ಭತ್ಯೆಯನ್ನು ಪ್ರಕಟಿಸಿದರು. ಮೊದಲ ವರ್ಷ ಪಿಂಚಣಿದಾರರ ಕುಟುಂಬಕ್ಕೆ 20 ಪೌಂಡು, ಬಡವರಿಗೆ 50. 2000ದ ಹೊತ್ತಿಗೆ ಅದು ಎಲ್ಲರಿಗೂ 200 ಪೌಂಡಾಯಿತು. 2003ರಿಂದ 80 ವರ್ಷ ದಾಟಿದವರಿರುವ ಮನೆಗೆ ಇನ್ನೂ 100 ಸೇರಿತು. ಬಹುಪಾಲು ಜನ ಅರ್ಜಿ ಹಾಕಬೇಕಾಗಿರಲಿಲ್ಲ. ವಯಸ್ಸು ಒಂದೇ ಅರ್ಹತೆ. ಚಳಿಗಾಲದ ಬಾಗಿಲಲ್ಲಿ ಹಣ ತಾನಾಗಿ ಬ್ಯಾಂಕ್ ಖಾತೆಗೆ ಬಂದು ಬೀಳುತ್ತಿತ್ತು.

ಹಣವನ್ನು ಇಂಧನಕ್ಕೇ ಖರ್ಚು ಮಾಡಬೇಕೆಂಬ ಕಟ್ಟಳೆ ಇರಲಿಲ್ಲ. ಆದರೂ ಹೆಸರಿನ ಮಹಿಮೆ ದೊಡ್ಡದು. ಅರ್ಥಶಾಸ್ತ್ರಜ್ಞರು ಕುಟುಂಬಗಳ ಖರ್ಚಿನ ಲೆಕ್ಕ ತೆಗೆದು ನೋಡಿದಾಗ, ಈ ಭತ್ಯೆಯ ಅರ್ಧಕ್ಕೆ ಹತ್ತಿರದ ಭಾಗ ಇಂಧನಕ್ಕೇ ಹೋಗುತ್ತಿತ್ತು. ಅಷ್ಟೇ ಹಣ ಬೇರೆ ಹೆಸರಿನಲ್ಲಿ ಬಂದಿದ್ದರೆ ಇಂಧನಕ್ಕೆ ಹೋಗುತ್ತಿದ್ದುದು ಅದರ ಒಂದು ಚೂರು ಮಾತ್ರ.

ಬಡತನವನ್ನು ಅಳೆದ ಬಗೆ

ಎಲ್ಲರಿಗೂ ಏಕೆ ಕೊಟ್ಟರು ಎಂಬುದು ತಿಳಿಯಬೇಕಾದರೆ ಇನ್ನೂ ಹಿಂದಕ್ಕೆ ಹೋಗಬೇಕು. 1834ರ ಬಡವರ ಕಾನೂನಿನ ಪ್ರಕಾರ, ನೆರವು ಬೇಡುವವನ ಸ್ಥಿತಿ ಅತ್ಯಂತ ಕಡಿಮೆ ಕೂಲಿಯ ದುಡಿಮೆಗಾರನ ಸ್ಥಿತಿಗಿಂತ ಕೆಳಗಿರಬೇಕಿತ್ತು. 'ವರ್ಕ್‌ಹೌಸ್' ಎಂಬ ಬಡವರ ಗೃಹಗಳಲ್ಲಿ ಗಂಡ ಹೆಂಡಿರನ್ನು ಬೇರೆ ಬೇರೆ ಇಡುತ್ತಿದ್ದರು. ಅಲ್ಲಿಗೆ ಹೋಗಲು ಒಪ್ಪುವವನೇ ನಿಜವಾದ ಬಡವ ಎಂಬುದು ಆಡಳಿತದ ತರ್ಕ. ಅಂದರೆ ಅವಮಾನವೇ ಪರೀಕ್ಷೆಯ ಸಾಧನವಾಗಿತ್ತು.

1908ರಲ್ಲಿ ಬಂದ ವೃದ್ಧಾಪ್ಯ ವೇತನ ಕಾಯಿದೆ ಆ ಸರಪಳಿಯ ಮೊದಲ ಕೊಂಡಿಯನ್ನು ಕಡಿಯಿತು. 1909ರ ಜನವರಿ 1ರಿಂದ 70 ವರ್ಷ ತುಂಬಿದವರಿಗೆ ವಾರಕ್ಕೆ 5 ಷಿಲ್ಲಿಂಗ್, ಅದೂ ಅಂಚೆ ಕಚೇರಿಯಲ್ಲಿ, ಸಿಗತೊಡಗಿತು. ಆದರೆ ಇಲ್ಲಿಯೂ ಆದಾಯದ ಪರೀಕ್ಷೆ ಇತ್ತು. ವರ್ಷದ ಆದಾಯ 21 ಪೌಂಡು ಮೀರದವರಿಗೆ ಪೂರ್ತಿ ವೇತನ. ಅದರಾಚೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತ, 31 ಪೌಂಡು 10 ಷಿಲ್ಲಿಂಗ್ ಮೀರಿದವರಿಗೆ ಏನೂ ಇಲ್ಲ. ದುಡಿಯಲು ಒಲ್ಲದೆ ಬಾಳಿದವರೆಂದು ಕಂಡವರಿಗೂ ವೇತನವಿಲ್ಲ. ಬಡತನದ ಜೊತೆಗೆ ನಡತೆಯ ಪುರಾವೆಯೂ ಬೇಕಾಗಿತ್ತು.

ಬ್ರಿಟಿಷರ ಮನಸ್ಸಿನಲ್ಲಿ 'ಮೀನ್ಸ್ ಟೆಸ್ಟ್' ಎಂಬ ಮಾತು ಬೈಗುಳವಾದದ್ದು 1931ರಲ್ಲಿ. ಆರ್ಥಿಕ ಕುಸಿತದ ಕಾಲ. 26 ವಾರಗಳ ವಿಮೆಯ ಹಣ ಮುಗಿದ ನಿರುದ್ಯೋಗಿಗೆ ಮುಂದೆ ನೆರವು ಬೇಕಾದರೆ ಇಡೀ ಮನೆಯ ಆದಾಯವನ್ನು ತನಿಖೆಗೆ ಒಡ್ಡಬೇಕು. ಅಧಿಕಾರಿ ಮನೆಯೊಳಗೆ ಬಂದು ಮಗಳ ಕೂಲಿ, ತಮ್ಮನ ಸಂಪಾದನೆ, ಮುದಿ ತಾಯಿಯ ಪಿಂಚಣಿ, ಉಳಿತಾಯದ ಪುಸ್ತಕ ಎಲ್ಲವನ್ನೂ ಕೂಡಿಸಿ, ಅದಕ್ಕೆ ತಕ್ಕಂತೆ ನೆರವನ್ನು ಕತ್ತರಿಸುತ್ತಿದ್ದ. ಒಂದೇ ಸೂರಿನಡಿ ಇದ್ದರೆ ನಷ್ಟ, ಬೇರೆಯಾದರೆ ಲಾಭ ಎಂಬಂತಾಯಿತು. ದುಡಿಯುವ ಮಕ್ಕಳು ಮನೆ ಬಿಟ್ಟರು. ಪಿಂಚಣಿ ಪಡೆಯುವ ವೃದ್ಧರು ಮಕ್ಕಳ ಮನೆಗೆ ಭಾರವಾಗಿ ಬಾಡಿಗೆ ಕೋಣೆಗಳನ್ನು ಸೇರಿದರು. ಈ ಪರೀಕ್ಷೆಯ ಅತ್ಯಂತ ಕ್ರೂರ ಫಲ ಕುಟುಂಬಗಳು ಒಡೆದದ್ದೇ ಎಂದು ಜಾರ್ಜ್ ಆರ್ವೆಲ್ 1937ರಲ್ಲಿ ಬಂದ ತಮ್ಮ 'ದ ರೋಡ್ ಟು ವಿಗನ್ ಪಿಯರ್' ಕೃತಿಯಲ್ಲಿ ದಾಖಲಿಸಿದ್ದಾರೆ. 1932ರಲ್ಲಿ ಇದರ ವಿರುದ್ಧ ಲಂಡನ್ನಿಗೆ ಹಸಿವಿನ ಮೆರವಣಿಗೆ ಹೊರಟಿತು. ಹತ್ತು ಲಕ್ಷ ಸಹಿಗಳ ಮನವಿ ಸಂಸತ್ತನ್ನು ತಲುಪುವ ಮೊದಲೇ ಪೊಲೀಸರ ವಶವಾಯಿತು.

ಯುದ್ಧಕಾಲದಲ್ಲಿ ಇನ್ನೊಂದು ಸತ್ಯ ಹೊರಬಿತ್ತು. 1940ರಲ್ಲಿ ಬಡ ಪಿಂಚಣಿದಾರರಿಗೆ ಪೂರಕ ವೇತನ ಕೊಡುವ ವ್ಯವಸ್ಥೆ ಬಂತು. ಅದನ್ನು ಕೊಡುವ ಹೊಣೆ ಹಳೆಯ ಬಡವರ ಕಾನೂನಿನ ಕಚೇರಿಯದಲ್ಲ, ಕೇಂದ್ರದ ಮಂಡಲಿಯದು. ಕೆಲವು ಲಕ್ಷ ಜನ ಬರಬಹುದೆಂದು ಎಣಿಸಿದ್ದ ಅಧಿಕಾರಿಗಳ ಮುಂದೆ ಹತ್ತು ಲಕ್ಷಕ್ಕೂ ಹೆಚ್ಚು ವೃದ್ಧರು ಬಂದು ನಿಂತರು. ಅಷ್ಟು ವರ್ಷ ಅವರೆಲ್ಲ ಎಲ್ಲಿದ್ದರು? ಹಸಿದು, ನಡುಗಿ, ಬಾಯಿ ಮುಚ್ಚಿಕೊಂಡು ಮನೆಯಲ್ಲೇ ಇದ್ದರು. ಅವರಿಗೆ ಬಡತನಕ್ಕಿಂತ ಬೇಡುವುದು ಹೆಚ್ಚು ಕಷ್ಟವಾಗಿತ್ತು. ಮರುವರ್ಷ, 1941ರಲ್ಲಿ, ಇಡೀ ಮನೆಯ ಆದಾಯ ಕೂಡಿಸುವ ಪದ್ಧತಿಯನ್ನು ಕಾನೂನೇ ರದ್ದುಮಾಡಿತು.

ಬೆವರಿಜ್ ಕಂಡ ಕನಸು

1942ರ ಡಿಸೆಂಬರ್‌ನಲ್ಲಿ ವಿಲಿಯಂ ಬೆವರಿಜ್ ಅವರ ಪ್ರಸಿದ್ಧ ವರದಿ ಹೊರಬಂತು. ಎಲ್ಲರೂ ವಂತಿಗೆ ಕಟ್ಟಬೇಕು, ಎಲ್ಲರಿಗೂ ಹಕ್ಕಾಗಿ ಹಣ ಸಿಗಬೇಕು, ಬಡತನದ ಪರೀಕ್ಷೆ ಎಂಬುದು ತೀರ ಅಪರೂಪವಾಗಬೇಕು ಎಂಬುದು ಅವರ ಯೋಜನೆಯ ತಿರುಳು. ಇದನ್ನು ಆಧರಿಸಿ 1946ರಲ್ಲಿ ರಾಷ್ಟ್ರೀಯ ವಿಮಾ ಕಾಯಿದೆ ಬಂತು. 1948ರ ಕಾಯಿದೆ ಹಳೆಯ ಬಡವರ ಕಾನೂನಿಗೆ ಮಂಗಳ ಹಾಡಿತು.

ಆದರೆ ಪಿಂಚಣಿಯ ಮೊತ್ತ ಬದುಕಿಗೆ ಸಾಲಲಿಲ್ಲ. ಬಾಡಿಗೆ, ಕಲ್ಲಿದ್ದಲು, ರೊಟ್ಟಿ ಎಲ್ಲದರ ಬೆಲೆ ಏರಿತು. ಮೂಲೆಗೆ ಸರಿಯಬೇಕಿದ್ದ ಪರೀಕ್ಷೆ ಮತ್ತೆ ನಡುಮನೆಗೆ ಬಂತು. 1960ರ ದಶಕದ ಮಧ್ಯದಲ್ಲಿ ಸರ್ಕಾರವೇ ನಡೆಸಿದ ಸಮೀಕ್ಷೆಯಲ್ಲಿ, ಅರ್ಹರಾಗಿದ್ದೂ ಪೂರಕ ನೆರವು ಕೇಳದ ಪಿಂಚಣಿದಾರರು ಲಕ್ಷಗಟ್ಟಲೆ ಇದ್ದಾರೆಂದು ತಿಳಿಯಿತು. ಹೆಸರಿಗೆ ಅಂಟಿದ ಕಳಂಕ ತೊಳೆಯಲು 1966ರಲ್ಲಿ ಹೊಸ ಹೆಸರು ಕೊಟ್ಟರು. 1988ರಲ್ಲಿ ಇನ್ನೊಂದು, 1999ರಲ್ಲಿ ಮತ್ತೊಂದು. 2003ರಲ್ಲಿ 'ಪೆನ್ಷನ್ ಕ್ರೆಡಿಟ್' ಬಂತು. ಹೆಸರುಗಳು ಬದಲಾದವು, ಅರ್ಜಿಯ ಫಾರಂ ಉಳಿಯಿತು. 2024ರಲ್ಲಿಯೂ ಅರ್ಹರಾಗಿದ್ದು ಅರ್ಜಿ ಹಾಕದ ಕುಟುಂಬಗಳು 8 ಲಕ್ಷಕ್ಕೂ ಹೆಚ್ಚು ಎಂಬುದು ಸರ್ಕಾರದ್ದೇ ಅಂದಾಜಾಗಿತ್ತು.

ಗೆರೆಯ ಈಚೆ, ಗೆರೆಯ ಆಚೆ

ರೀವ್ಸ್ ತಮ್ಮ ಜರಡಿಯಾಗಿ ಆರಿಸಿಕೊಂಡದ್ದು ಇದೇ ಪೆನ್ಷನ್ ಕ್ರೆಡಿಟನ್ನು. ಅದನ್ನು ಪಡೆಯುವ ಮನೆಗೆ ಇಂಧನ ಭತ್ಯೆ, ಉಳಿದ ಬಹುತೇಕ ಮನೆಗಳಿಗೆ ಇಲ್ಲ. ಒಂಟಿ ವೃದ್ಧರಿಗೆ ಆ ವರ್ಷದ ಆದಾಯ ಮಿತಿ ವಾರಕ್ಕೆ 218 ಪೌಂಡು 15 ಪೆನ್ಸ್. ಹೊಸ ಪದ್ಧತಿಯ ಪೂರ್ಣ ಸರ್ಕಾರಿ ಪಿಂಚಣಿ ವಾರಕ್ಕೆ 221 ಪೌಂಡು 20 ಪೆನ್ಸ್. ಅಂದರೆ ಬೇರೇನೂ ಆದಾಯವಿಲ್ಲದೆ ಪೂರ್ಣ ಪಿಂಚಣಿಯೊಂದನ್ನೇ ನಂಬಿದ ಮುದುಕಿ ಸಾಮಾನ್ಯ ಲೆಕ್ಕದಲ್ಲಿ ಮೂರು ಪೌಂಡಿನ ಅಂತರದಿಂದ ಗೆರೆಯ ಆಚೆಗೆ ಬಿದ್ದಳು. ವಾರಕ್ಕೆ ಮೂರು ಪೌಂಡು 'ಹೆಚ್ಚು' ಇದ್ದುದಕ್ಕೆ ವರ್ಷಕ್ಕೆ ಇನ್ನೂರು ಪೌಂಡು ಹೋಯಿತು. ಆದಾಯ ಪರೀಕ್ಷೆಯ ತೊಡಕು ಇದೇ. ಬಡತನ ಇಳಿಜಾರಿನಂತೆ ಇರುತ್ತದೆ, ಕಾನೂನು ಅದರ ಮೇಲೆ ಗೋಡೆ ಕಟ್ಟುತ್ತದೆ.

ಎರಡನೆಯ ತೊಡಕು ಫಾರಂನದು. ಪೆನ್ಷನ್ ಕ್ರೆಡಿಟ್ ಅರ್ಜಿಯಲ್ಲಿ ಇನ್ನೂರಕ್ಕೂ ಹೆಚ್ಚು ಪ್ರಶ್ನೆಗಳಿದ್ದವು. ಪ್ರಕಟಣೆಯ ನಂತರ ಅರ್ಜಿಗಳ ಸಂಖ್ಯೆ ಎರಡು ಪಟ್ಟಿಗೂ ಹೆಚ್ಚಾಯಿತು. 1940ರ ಕಥೆಯ ಸಣ್ಣ ಪುನರಾವರ್ತನೆ ಇದು. ಇದರಲ್ಲೊಂದು ವಿಪರ್ಯಾಸವೂ ಇತ್ತು. ಆ ವರ್ಷ ಸರ್ಕಾರ ಎಣಿಸಿದ್ದ ಉಳಿತಾಯ ಸುಮಾರು 140 ಕೋಟಿ ಪೌಂಡು. ಅರ್ಹರೆಲ್ಲರೂ ನಿಜವಾಗಿ ಅರ್ಜಿ ಹಾಕಿದರೆ ಅವರಿಗೆ ಕೊಡಬೇಕಾದ ಹಣ ಈ ಉಳಿತಾಯವನ್ನೇ ನುಂಗುತ್ತದೆ ಎಂದು ವಿಶ್ಲೇಷಕರು ತೋರಿಸಿಕೊಟ್ಟರು. ಬಡವರು ಕೇಳದೆ ಇದ್ದರೆ ಮಾತ್ರ ಕೂಡಿಬರುವ ಲೆಕ್ಕ ಅದಾಗಿತ್ತು.

ಸರ್ಕಾರದ ವಾದದಲ್ಲಿ ಹುರುಳಿರಲಿಲ್ಲವೆಂದಲ್ಲ. ದೊಡ್ಡ ಬಂಗಲೆಯ ಒಡೆಯನಿಗೂ ಭತ್ಯೆ ಹೋಗುತ್ತಿತ್ತು. ಸ್ಪೇನ್, ಗ್ರೀಸ್‌ಗಳಂಥ ಬೆಚ್ಚನೆಯ ದೇಶಗಳಲ್ಲಿ ನೆಲೆಸಿದ ಪಿಂಚಣಿದಾರರಿಗೂ ಹೋಗುತ್ತಿತ್ತು. ತಾಪಮಾನದ ಲೆಕ್ಕ ಹಾಕಿ ಅದನ್ನು ನಿಲ್ಲಿಸಿದ್ದು 2015ರಲ್ಲಿ. ಬಾಡಿಗೆ ಮನೆಯಲ್ಲಿ ಮಕ್ಕಳನ್ನು ಸಾಕುವ ಯುವ ದಂಪತಿಗಳು ಕಟ್ಟಿದ ತೆರಿಗೆ ಉಳ್ಳ ವೃದ್ಧರ ಜೇಬಿಗೆ ಏಕೆ ಹೋಗಬೇಕು ಎಂದು ಕೇಳುವವರಿದ್ದರು. 2017ರಲ್ಲಿ ಕನ್ಸರ್ವೇಟಿವ್ ಪ್ರಧಾನಿ ತೆರೇಸಾ ಮೇ ಕೂಡ ಆದಾಯ ಪರೀಕ್ಷೆಯ ಭರವಸೆಯೊಡನೆ ಚುನಾವಣೆಗೆ ಹೋಗಿದ್ದರು. ಬಹುಮತ ಕಳೆದುಕೊಂಡು ಉತ್ತರ ಐರ್ಲೆಂಡಿನ ಪಕ್ಷವೊಂದರ ಬೆಂಬಲ ಬೇಕಾದಾಗ ಅದನ್ನು ಕೈಬಿಟ್ಟರು. ಆಗ ಮೇ ಅವರನ್ನು ಖಂಡಿಸಿದ್ದ ಲೇಬರ್ ಪಕ್ಷವೇ ಏಳು ವರ್ಷಗಳ ನಂತರ ಅದೇ ಹಾದಿ ಹಿಡಿದದ್ದು ವೃದ್ಧರಿಗೆ ಮರೆಯಲಾಗದ ಮಾತಾಯಿತು.

2024ರ ಸೆಪ್ಟೆಂಬರ್ 10ರಂದು ಸಂಸತ್ತಿನಲ್ಲಿ 348-228 ಮತಗಳಿಂದ ಸರ್ಕಾರ ಗೆದ್ದಿತು. ಮತಗಟ್ಟೆಯಲ್ಲಿ ಮಾತ್ರ ಗೆಲುವು ಮುಂದುವರಿಯಲಿಲ್ಲ. 2025ರ ಮೇ ತಿಂಗಳ ಸ್ಥಳೀಯ ಚುನಾವಣೆಗಳಲ್ಲಿ ಲೇಬರ್ ಪಕ್ಷ ಕುಸಿಯಿತು. ಅದೇ ದಿನ ನಡೆದ ರನ್‌ಕಾರ್ನ್ ಉಪಚುನಾವಣೆಯಲ್ಲಿ ಕೇವಲ ಆರು ಮತಗಳಿಂದ ತನ್ನ ಸ್ಥಾನ ಕಳೆದುಕೊಂಡಿತು. ಬಾಗಿಲು ತಟ್ಟಿದಲ್ಲೆಲ್ಲ ಇಂಧನ ಭತ್ಯೆಯ ಮಾತೇ ಕೇಳಿಬಂತೆಂದು ಪಕ್ಷದವರೇ ಹೇಳಿಕೊಂಡರು. ಮೇ 21ರಂದು ಪ್ರಧಾನಿ ಕೀರ್ ಸ್ಟಾರ್ಮರ್ ನೀತಿ ಬದಲಿಸುವ ಸೂಚನೆ ಕೊಟ್ಟರು. ಜೂನ್ 9ರಂದು ಹೊಸ ನಿಯಮ ಬಂತು.

ಪರೀಕ್ಷೆ ಯಾರ ಹೊಣೆ?

ಈ ಹೊಸ ನಿಯಮವೇ ಇಡೀ ಪ್ರಕರಣದ ಕುತೂಹಲಕರ ಭಾಗ. ಸರ್ಕಾರ ಹಳೆಯ ಪದ್ಧತಿಗೆ ಪೂರ್ತಿ ಮರಳಲಿಲ್ಲ, ಆದಾಯ ಪರೀಕ್ಷೆಯನ್ನು ಬಿಡಲೂ ಇಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಮೊದಲು ಎಲ್ಲ ಪಿಂಚಣಿದಾರರಿಗೂ ಹಣ ಕೊಡುವುದು, ವರ್ಷಕ್ಕೆ 35,000 ಪೌಂಡು ಮೀರಿದ ಆದಾಯವಿರುವವರಿಂದ ಅದನ್ನು ತೆರಿಗೆಯ ಮೂಲಕ ಹಿಂದಕ್ಕೆ ಪಡೆಯುವುದು, ಇದು ಹೊಸ ಏರ್ಪಾಡು. ಸುಮಾರು 90 ಲಕ್ಷ ವೃದ್ಧರು ಭತ್ಯೆಯನ್ನು ಉಳಿಸಿಕೊಂಡರು. 20 ಲಕ್ಷಕ್ಕೂ ಹೆಚ್ಚು ಉಳ್ಳವರಿಂದ ಹಣ ಮರಳುತ್ತದೆ. ಎಲ್ಲರಿಗೂ ಕೊಡುವುದಕ್ಕೆ ಹೋಲಿಸಿದರೆ ಉಳಿತಾಯ ಸುಮಾರು 45 ಕೋಟಿ ಪೌಂಡು ಎಂದು ಸರ್ಕಾರ ಲೆಕ್ಕ ಹಾಕಿತು. ಮೊದಲು ಆಸೆಪಟ್ಟದ್ದರ ಮೂರನೆಯ ಒಂದು ಪಾಲು ಅಷ್ಟೆ.

ಎರಡೂ ಆದಾಯ ಪರೀಕ್ಷೆಗಳೇ. ಆದರೆ 2024ರದು ಮುಂಬಾಗಿಲಲ್ಲಿ ನಿಂತ ಪರೀಕ್ಷೆ. ತಾನು ಬಡವ ಎಂದು ವೃದ್ಧನೇ ಬಂದು ಸಾಬೀತುಪಡಿಸಬೇಕು. ಕಣ್ಣು ಮಂಜಾದವರು, ಫಾರಂ ಕಂಡರೆ ಹೆದರುವವರು, ಕೈಚಾಚಲು ನಾಚುವವರು, ಅಂದರೆ ಯಾರಿಗೆ ಹಣ ಅತ್ಯಗತ್ಯವೋ ಅವರೇ, ಹೊರಗುಳಿಯುತ್ತಾರೆ. 2025ರದು ಹಿತ್ತಿಲ ಬಾಗಿಲಿನ ಪರೀಕ್ಷೆ. ಅಲ್ಲಿ ಶ್ರೀಮಂತ ಯಾರೆಂದು ಕಂಡುಹಿಡಿಯುವ ಹೊಣೆ ಸರ್ಕಾರದ್ದು. ಅದಕ್ಕೆ ಬೇಕಾದ ಕಾಗದಪತ್ರ ತೆರಿಗೆ ಇಲಾಖೆಯ ಕಪಾಟಿನಲ್ಲಿ ಮೊದಲೇ ಇರುತ್ತದೆ. ಪರೀಕ್ಷೆ ತಪ್ಪಿದಾಗ ಆಗುವ ಹಾನಿಯೂ ಬೇರೆ. ಹಿತ್ತಿಲಲ್ಲಿ ತಪ್ಪಿದರೆ ಉಳ್ಳವನೊಬ್ಬನ ಬಳಿ ಇನ್ನೂರು ಪೌಂಡು ಹೆಚ್ಚಾಗಿ ಉಳಿಯುತ್ತದೆ. ಮುಂಬಾಗಿಲಲ್ಲಿ ತಪ್ಪಿದರೆ ಇಲ್ಲದವಳೊಬ್ಬಳ ಕೋಣೆ ಜನವರಿಯಲ್ಲಿ ತಣ್ಣಗಾಗುತ್ತದೆ.

ಸಂಪನ್ಮೂಲ ಸೀಮಿತವಾಗಿರುವವರೆಗೆ ಯಾರಿಗೆ ಕೊಡಬೇಕೆಂಬ ಪ್ರಶ್ನೆ ಯಾವ ಸರ್ಕಾರಕ್ಕೂ ತಪ್ಪುವುದಿಲ್ಲ. ವರ್ಕ್‌ಹೌಸಿನಿಂದ ಪೆನ್ಷನ್ ಕ್ರೆಡಿಟ್‌ವರೆಗಿನ ಸುಮಾರು ಇನ್ನೂರು ವರ್ಷಗಳಲ್ಲಿ ಬ್ರಿಟನ್ ಪ್ರತಿ ಸಲವೂ ಪುರಾವೆಯ ಭಾರವನ್ನು ದುರ್ಬಲರ ಹೆಗಲಿಗೆ ಹಾಕಿ, ಕೆಲವು ದಶಕಗಳ ನಂತರ ಅದನ್ನು ಇಳಿಸಿದೆ. ಈ ಬಾರಿ ಇಳಿಸಲು ಹಿಡಿದದ್ದು ಒಂದೇ ಒಂದು ಚಳಿಗಾಲ. ಆ ಒಂದು ಚಳಿಗಾಲವನ್ನು ಭತ್ಯೆಯಿಲ್ಲದೆ ಕಳೆದವರಿಗೆ ಅದರ ಬಾಕಿಯನ್ನು ಮಾತ್ರ ಯಾರೂ ಕೊಡಲಿಲ್ಲ.